ಬಾಡಿಗೆ ಮನೆಯ ಪ್ರತಿಫಲ: ಗಣನೆಯ ಕ್ರಮ

ಬಾಡಿಗೆಯ ನಿಮಿತ್ತ ಕೊಂಡ ಗೃಹದ ಪ್ರತಿಫಲವನ್ನು ಗಣಿಸುವಾಗ, ವಾರ್ಷಿಕ ಬಾಡಿಗೆಯನ್ನು ಕೇವಲ ಕ್ರಯದ ಮೊತ್ತದಿಂದ ಭಾಗಿಸಿ ತೃಪ್ತರಾಗುವುದು ಹೂಡಿಕೆದಾರರಿಗೆ ಸುಲಭವಾಗಿ ಒದಗುವ ಪ್ರಮಾದ. ಮುದ್ರಾಂಕ ಶುಲ್ಕವೂ ನೋಂದಣಿ ಶುಲ್ಕವೂ ಹೂಡಿಕೆಯ ಅಂಗಗಳೇ ಆದುದರಿಂದ ಅವು ಛೇದದಲ್ಲಿ ಸೇರತಕ್ಕವು. 56 ಲಕ್ಷ ರೂಪಾಯಿಗೆ ಕೊಂಡು, ಶುಲ್ಕಾದಿಗಳಿಗೆ 4 ಲಕ್ಷ ತೆತ್ತು, ತಿಂಗಳಿಗೆ 20,000 ರೂಪಾಯಿಯಂತೆ ಬಾಡಿಗೆಗಿತ್ತ ಮನೆಯೊಂದನ್ನು ಕಲ್ಪಿಸಿಕೊಂಡರೆ, 2,40,000 ರೂಪಾಯಿಯನ್ನು 60 ಲಕ್ಷದಿಂದ ಭಾಗಿಸಿದಾಗ ದೊರೆಯುವ ಶೇಕಡ 4 ಸ್ಥೂಲ ಪ್ರತಿಫಲವೆನಿಸುವುದು. ಒಂದು ತಿಂಗಳು ಮನೆ ಬರಿದಾಗಿದ್ದು 20,000, ಆಸ್ತಿ ತೆರಿಗೆಗೆ 10,000, ದುರಸ್ತಿಗೆ 30,000 ಕಳೆದರೆ ಉಳಿಯುವ 1,80,000, ಎಂದರೆ ಶೇಕಡ 3, ನಿವ್ವಳ ಪ್ರತಿಫಲ.

ಆದಾಯ ತೆರಿಗೆಯ ಲೆಕ್ಕವಾದರೋ ಬೇರೆಯೇ. 1961ರ ಅಧಿನಿಯಮದ 24ನೆಯ ಪ್ರಕರಣದನ್ವಯ, ಮಾಲೀಕನು ವಾಸ್ತವವಾಗಿ ಪಾವತಿಮಾಡಿದ ಸ್ಥಳೀಯ ತೆರಿಗೆಯನ್ನು ಕಳೆದ ತರುವಾಯ ಉಳಿಯುವ ವಾರ್ಷಿಕ ಮೌಲ್ಯದಲ್ಲಿ ಶೇಕಡ 30ರಷ್ಟು, ಆತನು ದುರಸ್ತಿಗೆ ಒಂದು ಕಾಸನ್ನೂ ವ್ಯಯಿಸದಿರಲಿ, ಆ ಶೇಕಡ 30ರ ಇಮ್ಮಡಿಯನ್ನೇ ವ್ಯಯಿಸಿರಲಿ, ಕಡಿತಗೊಳ್ಳುವುದು. ಔದಾರ್ಯವೂ ಕಾರ್ಪಣ್ಯವೂ ಒಂದೇ ಸೂತ್ರದಲ್ಲಿ ಅಡಗಿರುವುದು ಇಲ್ಲಿನ ವೈಚಿತ್ರ್ಯ. ಮೇಲಿನ ನಿದರ್ಶನದಲ್ಲಿ, ಬರಿದಾಗಿದ್ದ ತಿಂಗಳ ಬಾಡಿಗೆಯನ್ನೂ ಆಸ್ತಿ ತೆರಿಗೆಯನ್ನೂ ಬಿಟ್ಟು ಉಳಿಯುವ 2,10,000ದಿಂದ 63,000 ಕಳೆದು 1,47,000 ರೂಪಾಯಿ ತೆರಿಗೆಗೊಳಪಡುವುದು. ಗೃಹಸಾಲದ ಬಡ್ಡಿಯಿದ್ದಲ್ಲಿ ಅದು ಪ್ರತ್ಯೇಕ ಕಡಿತ. 2025ರ ನೂತನ ಅಧಿನಿಯಮವೂ ಶೇಕಡ 30ರ ಈ ನಿಯಮವನ್ನು ಉಳಿಸಿಕೊಂಡಿದೆ.