ಪರದೇಶದಲ್ಲಿ ಮೋಟಾರು ನಡೆಸುವ ಪರವಾನಗಿ

ಚಾಕಣ, ಭೋಸರಿ, ಪಿಂಪರಿ ಕಡೆಯ ಕಾರಖಾನೆಗಳಿಗೆ ಟೆಂಪೋ, ಟ್ರಕ್ಕು ನಡೆಸುವವರಲ್ಲಿ ನಮ್ಮ ಕನ್ನಡಿಗರು ಅನೇಕರು. ವಿಜಯಪುರ, ಕಲಬುರ್ಗಿ, ಯಾದಗಿರಿ ಕಡೆಯಿಂದ ಕೂಲಿಗೆಂದು ಬಂದು, ಕ್ಲೀನರ್ ಕೆಲಸಕ್ಕೆ ಸೇರಿ, ಮುಂದೆ ಗಾಡಿ ನಡೆಸಲು ಕಲಿತವರು. ಇಂಥವರಿಗೆ ಒಂದು ದಿನ ಯಾರಾದರೊಬ್ಬ ದಲಾಲ ಗಂಟುಬೀಳುತ್ತಾನೆ. “ದುಬೈಗೆ ಹೋಗ್ತೀಯೇನೋ ತಮ್ಮಾ? ಇಲ್ಲಿಯ ಪಗಾರದ ಮೂರು ಪಟ್ಟು ಸಿಗತದ. ಇಂಟರ್‌ನ್ಯಾಶನಲ್ ಲೈಸನ್ಸ ಒಂದು ಮಾಡಿಸಿಕೋ, ಅಷ್ಟಿದ್ದರ ಸಾಕು” ಎನ್ನುತ್ತಾನೆ. ಈ ‘ಅಷ್ಟಿದ್ದರೆ ಸಾಕು’ ಎಂಬ ಮಾತಿನಲ್ಲಿ ಎಷ್ಟು ನಿಜವಿದೆಯೆಂಬುದನ್ನು ಈ ಸಲದ ಪಾಠದಲ್ಲಿ ನೋಡೋಣ. ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರೇ ಹೊರತು ವಕೀಲರಲ್ಲ. ಆದರೆ ಸರಕಾರಿ ಕಾಗದವನ್ನು ತಾಳ್ಮೆಯಿಂದ ಕೊನೆಯವರೆಗೆ ಓದುವ ರೂಢಿ ನಮಗಿದೆ.

ಮೊದಲನೆಯದಾಗಿ, ‘ಇಂಟರ್‌ನ್ಯಾಶನಲ್ ಲೈಸನ್ಸು’ ಎಂಬ ಸ್ವತಂತ್ರವಾದ ಲೈಸನ್ಸು ಇಲ್ಲವೇ ಇಲ್ಲ. ಇರುವುದು ಅಂತರರಾಷ್ಟ್ರೀಯ ಚಾಲನಾ ಪರ್ಮಿಟ್. ನಮ್ಮ ಲೈಸನ್ಸಿನಲ್ಲಿರುವ ಸಂಗತಿಯನ್ನು ಬೇರೆ ದೇಶದ ಪೊಲೀಸರಿಗೆ ತಿಳಿಯುವ ಹಾಗೆ ಹಲವು ಭಾಷೆಗಳಲ್ಲಿ ಬರೆದುಕೊಟ್ಟ ಪುಸ್ತಿಕೆ ಅದು. ಮೂಲ ಲೈಸನ್ಸು ಜೇಬಿನಲ್ಲಿಲ್ಲದಿದ್ದರೆ ಬರಿಯ ಪುಸ್ತಿಕೆಗೆ ಬೆಲೆಯಿಲ್ಲ. 1949ರ ಸೆಪ್ಟೆಂಬರ್ 19ರಂದು ಜಿನೀವಾದಲ್ಲಿ ಆದ ರಸ್ತೆ ಸಂಚಾರದ ಒಪ್ಪಂದಕ್ಕೆ ಅನುಸಾರವಾಗಿ ನಮ್ಮ ದೇಶ ಇದನ್ನು ಕೊಡುತ್ತದೆ. ಭಾರತ ಆ ಒಪ್ಪಂದಕ್ಕೆ ಸೇರಿದ್ದು 1962ರಲ್ಲಿ. ಒಂದು ದೇಶದಲ್ಲಿ ಎಡೆಬಿಡದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಉಳಿದ ಚಾಲಕನಿಗೆ ಈ ಅನುಕೂಲವನ್ನು ಕೊಡಬೇಕಾದ ಕಟ್ಟು ಯಾವ ದೇಶಕ್ಕೂ ಇಲ್ಲವೆಂದು ಆ ಒಪ್ಪಂದವೇ ಹೇಳುತ್ತದೆ. ಅಂದರೆ ಇದು ಬಂದು ಹೋಗುವವರಿಗಾಗಿ ಮಾಡಿದ ಏರ್ಪಾಡು. ದುಡಿಯಲು ಹೋಗಿ ನೆಲೆನಿಲ್ಲುವವರಿಗಾಗಿ ಅಲ್ಲ.

ಪುಣೆಯವರು ಇದನ್ನು ಪಡೆಯುವುದು ಸಂಗಮ ಸೇತುವೆಯ ಬಳಿಯ ಆರ್.ಟಿ.ಓ. ಕಚೇರಿಯಲ್ಲಿ, ಪಿಂಪರಿ-ಚಿಂಚವಡದವರಿಗೆ ಅವರದೇ ಕಚೇರಿಯುಂಟು. ನಮೂನೆ 4-ಎ ಅರ್ಜಿ, ಚಾಲ್ತಿಯಲ್ಲಿರುವ ಲೈಸನ್ಸು, ಪಾಸ್‌ಪೋರ್ಟು, ಭಾವಚಿತ್ರ, ಜೊತೆಗೆ ಸಾವಿರ ರೂಪಾಯಿ ಶುಲ್ಕ. ಅರ್ಜಿಯನ್ನು ಸರಕಾರದ ‘ಸಾರಥಿ’ ಜಾಲತಾಣದಲ್ಲಿ ತುಂಬಬಹುದು. ಮೊದಲು ವೈದ್ಯರ ಪ್ರಮಾಣಪತ್ರ ಮತ್ತು ವೀಸಾ ತೋರಿಸಬೇಕಾಗಿತ್ತು. 2021ರ ಜನವರಿಯ ನಿಯಮದಿಂದ ಆ ಎರಡೂ ತಪ್ಪಿದವು. 2022ರ ಆಗಸ್ಟಿನಿಂದ ದೇಶಕ್ಕೆಲ್ಲ ಒಂದೇ ನಮೂನೆಯ ಪುಸ್ತಿಕೆ, ಅದರ ಮೇಲೆ ಕ್ಯೂಆರ್ ಗುರುತು. ಅವಧಿ ಒಂದು ವರ್ಷ; ಲೈಸನ್ಸಿನ ಅವಧಿ ಅದಕ್ಕಿಂತ ಮೊದಲೇ ಮುಗಿಯುವಂತಿದ್ದರೆ ಅಲ್ಲಿಯವರೆಗೆ ಮಾತ್ರ. ಊರಿನಲ್ಲಿ ಪಡೆದ ಲೈಸನ್ಸು ದೇಶಕ್ಕೆಲ್ಲ ನಡೆಯುತ್ತದೆ, ನಿಜ. ಆದರೂ ಅದರಲ್ಲಿಯ ವಿಳಾಸವನ್ನು ಪುಣೆಗೆ ಬದಲಾಯಿಸಿಕೊಂಡಿದ್ದರೆ ಊರಿಗೂ ಇಲ್ಲಿಗೂ ಅಲೆದಾಡುವುದು ತಪ್ಪುತ್ತದೆ.

ಪುಸ್ತಿಕೆ ಕೈಗೆ ಬಂದೊಡನೆ ನೋಡಬೇಕಾದದ್ದು ಅದರಲ್ಲಿಯ ವರ್ಗಗಳನ್ನು. ಎ ಎಂದರೆ ಮೋಟಾರ್ ಸೈಕಲ್ಲು. ಬಿ ಎಂದರೆ ಚಾಲಕನನ್ನು ಬಿಟ್ಟು ಎಂಟು ಜನರವರೆಗಿನ ಕಾರು, ಇಲ್ಲವೆ 3,500 ಕಿಲೋ ಒಟ್ಟು ತೂಕದವರೆಗಿನ ಸರಕಿನ ಗಾಡಿ. ಅದಕ್ಕೂ ಭಾರದ ಸರಕಿನ ಗಾಡಿ ಸಿ, ಹೆಚ್ಚು ಜನರನ್ನು ಒಯ್ಯುವ ಬಸ್ಸು ಡಿ, ಭಾರದ ಟ್ರೇಲರು ಜೋಡಿಸಿದ್ದು ಇ. ನಮ್ಮ ದೇಶದಲ್ಲಿ ‘ಲಘು ವಾಹನ’ವೆಂದರೆ 7,500 ಕಿಲೋದವರೆಗೆ. ಈ ಲೈಸನ್ಸಿನ ಮೇಲೆಯೇ ಅಷ್ಟು ತೂಕದವರೆಗಿನ ಬಾಡಿಗೆಯ ಗಾಡಿಯನ್ನೂ ನಡೆಸಬಹುದೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಹೀಗಾಗಿ ಚಾಕಣದಲ್ಲಿ ಐದು ಟನ್ನಿನ ಟೆಂಪೋವನ್ನು ಕಾಯಿದೆಬದ್ಧವಾಗಿಯೇ ನಡೆಸುತ್ತಿದ್ದವನು, ಕೈಯಲ್ಲಿ ಬರಿಯ ಬಿ ವರ್ಗ ಇಟ್ಟುಕೊಂಡು ಹೊರದೇಶದಲ್ಲಿ ಅಂಥದೇ ಗಾಡಿಯನ್ನು ಹತ್ತಿದರೆ ಪರವಾನಗಿ ಇಲ್ಲದ ಚಾಲಕನಾಗುತ್ತಾನೆ. ಗಾಡಿ ಅದೇ, ಕೈ ಅದೇ, ಕಾಯಿದೆ ಮಾತ್ರ ಬೇರೆ. ದಲಾಲರು ಈ ಸಂಗತಿಯನ್ನು ಎಂದೂ ಬಾಯಿಬಿಡುವುದಿಲ್ಲ. ಬಹುಶಃ ಅವರಿಗೇ ಗೊತ್ತಿರಲಿಕ್ಕಿಲ್ಲ.

ಇನ್ನು ದುಬೈ, ಅಬುಧಾಬಿಗಳ ಮಾತು. ಅವೆರಡೂ ಸೇರಿದ ಸಂಯುಕ್ತ ಅರಬ್ ಎಮಿರೇಟ್ಸ್ ದೇಶದಲ್ಲಿ ನೋಡಲು ಬಂದ ಭಾರತೀಯನು ತನ್ನ ಲೈಸನ್ಸು ಮತ್ತು ಪರ್ಮಿಟ್ಟಿನ ಮೇಲೆ ಕಾರು ನಡೆಸಬಹುದು. ಆದರೆ ಕೆಲಸದ ಮೇಲೆ ಹೋಗಿ ವಾಸದ ವೀಸಾ ಪಡೆದನೆಂದರೆ ಆ ಪುಸ್ತಿಕೆ ಅವನಿಗೆ ಉಪಯೋಗವಿಲ್ಲ. ಅಲ್ಲಿಯದೇ ಲೈಸನ್ಸು ಬೇಕು. ಅದಕ್ಕೆ ಕಣ್ಣಿನ ತಪಾಸಣೆ, ನಿಯಮಗಳ ಪರೀಕ್ಷೆ, ರಸ್ತೆಯ ಪರೀಕ್ಷೆ ಎಲ್ಲ ಉಂಟು. ತರಗತಿಗಳೂ ಸೇರಿದರೆ ಖರ್ಚು ಸಾವಿರಾರು ದಿರಹಮ್ಮಿಗೆ ಹೋಗುತ್ತದೆ. ತಮ್ಮ ದೇಶದ ಲೈಸನ್ಸು ಇದ್ದವರು ತರಗತಿಯಿಲ್ಲದೆ ಒಂದು ಸಲ ನೇರವಾಗಿ ಪರೀಕ್ಷೆಗೆ ಕೂಡುವ ಅವಕಾಶವನ್ನು ದುಬೈ 2023ರಲ್ಲಿ ತೆರೆಯಿತು. ಅಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ, ಸ್ಟಿಯರಿಂಗು ಎಡಕ್ಕೆ. ಇಪ್ಪತ್ತು ವರ್ಷ ಗಾಡಿ ನಡೆಸಿದವರೂ ಮೊದಲು ತಡವರಿಸುವುದು ವೃತ್ತದಲ್ಲಿ ತಿರುಗುವಾಗ. ಆದ್ದರಿಂದ ಪರೀಕ್ಷೆಯನ್ನು ಬರಿಯ ಕಾಟವೆಂದು ತಿಳಿಯುವುದು ಸರಿಯಲ್ಲ.

ದಲಾಲನು ಭೇಟಿಯ ವೀಸಾ ಕೊಡಿಸಿ, “ಪರ್ಮಿಟ್ ಅದಲ್ಲ, ಸದ್ಯ ಅದರ ಮ್ಯಾಲೇ ಓಡಿಸು” ಎಂದರೆ ಅಲ್ಲಿ ತಪ್ಪು ಎರಡಾಗುತ್ತವೆ: ಭೇಟಿಯ ವೀಸಾದಲ್ಲಿ ದುಡಿಮೆ ಮಾಡುವುದು ಒಂದು, ಪ್ರವಾಸಿಯ ಪರ್ಮಿಟ್ಟಿನ ಮೇಲೆ ಮಾಲೀಕನ ಸರಕು ಒಯ್ಯುವುದು ಇನ್ನೊಂದು. ಪೊಲೀಸರ ದಂಡವನ್ನು ಹೇಗೋ ತೆರಬಹುದು. ಭಯವಿರುವುದು ಅಪಘಾತದಲ್ಲಿ. ಆ ದೇಶದಲ್ಲಿ ಅಪಘಾತದಿಂದ ಮನುಷ್ಯ ಸತ್ತರೆ ಅವನ ವಾರಸುದಾರರಿಗೆ ‘ದಿಯಾ’ ಎಂಬ ಪ್ರಾಣಧನ ಕೊಡಬೇಕು. ಅದು ಎರಡು ಲಕ್ಷ ದಿರಹಂ, ನಮ್ಮ ಲೆಕ್ಕದಲ್ಲಿ ನಲವತ್ತು ಲಕ್ಷ ರೂಪಾಯಿಗೂ ಮಿಕ್ಕಿದ್ದು. ಚಾಲಕನ ಬಳಿ ಸರಿಯಾದ ಲೈಸನ್ಸು ಇದ್ದರೆ ಗಾಡಿಯ ವಿಮೆ ಇದನ್ನು ಹೊರುತ್ತದೆ. ಇಲ್ಲದಿದ್ದರೆ ವಿಮೆ ಕಂಪನಿಯು ಕೊಟ್ಟ ಹಣವನ್ನು ಅವನಿಂದಲೇ ವಸೂಲು ಮಾಡಬಹುದು. ಊರಲ್ಲಿ ಎರಡೆಕರೆ ಹೊಲ ಮಾರಿದರೂ ತೀರದ ಸಾಲ ಅದು.

ಆದುದರಿಂದ ಕರಾರಿಗೆ ಸಹಿ ಹಾಕುವ ಮೊದಲು ಕೇಳಬೇಕಾದದ್ದನ್ನು ಕೇಳಿರಿ. ವೀಸಾ ಯಾವ ಬಗೆಯದು? ಯಾವ ತೂಕದ ಗಾಡಿ? ಅಲ್ಲಿಯ ಲೈಸನ್ಸಿನ ಖರ್ಚು ಯಾರದು? ಪರೀಕ್ಷೆ ಪಾಸಾಗುವವರೆಗೆ ಪಗಾರ ಉಂಟೋ ಇಲ್ಲವೋ? ಉತ್ತರ ಬಾಯಿಮಾತಿನಲ್ಲಿ ಬೇಡ, ಕರಾರಿನಲ್ಲಿ ಬರಲಿ. ಮೆಟ್ರಿಕ್ ಪಾಸಾಗದವರು ಕೊಲ್ಲಿಯ ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸಿಗರ ಸಂರಕ್ಷಕರ ಮಂಜೂರಾತಿ ಬೇಕು. ಅವರ ಕಚೇರಿ ಮುಂಬಯಿಯಲ್ಲಿದೆ. ನೋಂದಾಯಿತ ಏಜಂಟರು ಮೂವತ್ತು ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆ, ಇದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಹೆಚ್ಚು ಕೇಳುವವನಿಂದ ಮೊದಲು ರಸೀದಿ ಕೇಳಿರಿ, ಅವನ ಮೋರೆ ನೋಡಿರಿ.

ಮಕ್ಕಳನ್ನು ಓದಿಗೋ ನೌಕರಿಗೋ ಯುರೋಪಿಗೆ ಕಳಿಸಿದ ಕಾರಕೂನ ಬಂಧುಗಳಿಗೆ ಎರಡು ಮಾತು. ಬ್ರಿಟನ್ನಿನಲ್ಲಿ ನೆಲೆಸಿದವರಿಗೆ ನಮ್ಮ ಲೈಸನ್ಸು ಹನ್ನೆರಡು ತಿಂಗಳು ನಡೆಯುತ್ತದೆ, ಜರ್ಮನಿಯಲ್ಲಿ ಆರು ತಿಂಗಳು. ಅನಂತರ ಅಲ್ಲಿಯ ಪರೀಕ್ಷೆ. ಚೀನಾ ದೇಶವಂತೂ ಈ ಪರ್ಮಿಟ್ಟನ್ನೇ ಒಪ್ಪುವುದಿಲ್ಲ.

ಹೊರದೇಶದಲ್ಲಿರುವಾಗ ಪರ್ಮಿಟ್ಟಿನ ಅವಧಿ ತೀರಿದರೆ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ಮೂಲಕ ನವೀಕರಣಕ್ಕೆ ಅರ್ಜಿ ಹಾಕಬಹುದು. ಇದೂ 2021ರ ನಿಯಮವೇ. ಊರಿನ ಲೈಸನ್ಸಿನ ಅವಧಿ ತೀರಿ ಒಂದು ವರ್ಷ ದಾಟಿದರೆ ಮಾತ್ರ ಇಲ್ಲಿ ಮತ್ತೆ ಚಾಲನೆಯ ಪರೀಕ್ಷೆ ಕೊಡಬೇಕಾಗುತ್ತದೆ. ಹೊರಡುವ ಮುನ್ನ ಆ ತಾರೀಖನ್ನು ಮನೆಯವರಿಗೂ ಬರೆದುಕೊಟ್ಟು ಹೋಗಿರಿ.