ಘೋಷಣೆಯ ಪಾಠಾಂತರ: ಜನರಲ್ ಓಟಿಸ್‌ನ ಅಧಿಕೃತ ಪತ್ರವ್ಯವಹಾರ

ಗ್ರಂಥಸಂಪಾದನೆಯನ್ನು ಅಭ್ಯಸಿಸುವಾಗ ಪಾಠಾಂತರಗಳನ್ನು ನಾವು ಸಾಮಾನ್ಯವಾಗಿ ಓಲೆಗರಿಗಳಿಗೆ ಸಂಬಂಧಿಸಿದ ವಿಷಯವೆಂದೇ ಭಾವಿಸುತ್ತೇವೆ. ಲಿಪಿಕಾರನ ಕಣ್ತಪ್ಪಿನಿಂದ ಹುಟ್ಟುವ ಸ್ಖಾಲಿತ್ಯಗಳು ಒಂದು ಬಗೆ. ಅವನು ಬುದ್ಧಿಪೂರ್ವಕವಾಗಿ ಮಾಡುವ ತಿದ್ದುಪಡಿಗಳು ಇನ್ನೊಂದು ಬಗೆ. ಈ ಎರಡನೆಯ ಬಗೆಯು ಕಾವ್ಯಕ್ಕೆ ಮಾತ್ರ ಸೀಮಿತವಲ್ಲ. ಆಡಳಿತದ ಕಾಗದಪತ್ರಗಳಲ್ಲಿಯೂ ಅದು ಕಾಣಸಿಗುತ್ತದೆ. ಅಲ್ಲಿ ಅದರ ಪರಿಣಾಮವು ಸಹಸ್ರಾರು ಜನರ ಬಾಳನ್ನು ತಟ್ಟಬಲ್ಲದು. ಇದಕ್ಕೆ ಸ್ಪಷ್ಟವಾದ ನಿದರ್ಶನ, ಫಿಲಿಪೀನ್ಸಿನಲ್ಲಿ ಅಮೆರಿಕದ ಸೈನಿಕ ಆಡಳಿತ ಆರಂಭವಾದ ದಿನಗಳಲ್ಲಿ ಜನರಲ್ ಎಲ್ವೆಲ್ ಓಟಿಸ್ ಹೊರಡಿಸಿದ ಘೋಷಣೆ.

ಹಿನ್ನೆಲೆ

1898ರಲ್ಲಿ ಅಮೆರಿಕಕ್ಕೂ ಸ್ಪೇನಿಗೂ ಯುದ್ಧವಾಯಿತು. ಅದೇ ವರ್ಷದ ಜೂನ್ 12ರಂದು ಎಮಿಲಿಯೋ ಅಗಿನಾಲ್ಡೋ ಫಿಲಿಪೀನ್ಸಿನ ಸ್ವಾತಂತ್ರ್ಯವನ್ನು ಸಾರಿದನು. ಆದರೆ ಆಗಸ್ಟ್ 13ರಂದು ಮನಿಲಾ ನಗರವು ಅಮೆರಿಕದ ಸೇನೆಯ ವಶವಾಯಿತು. ಸ್ವಾತಂತ್ರ್ಯಕ್ಕಾಗಿ ಹೋರಾಡಿದವರು ನಗರದ ಹೊರಗೇ ಉಳಿಯಬೇಕಾಯಿತು. ಆಗಸ್ಟ್ ಕೊನೆಯಲ್ಲಿ ಓಟಿಸ್ ಸೈನಿಕ ರಾಜ್ಯಪಾಲನಾದನು. ಡಿಸೆಂಬರ್ 10ರ ಪ್ಯಾರಿಸ್ ಒಪ್ಪಂದದಲ್ಲಿ ಸ್ಪೇನ್ ಈ ದ್ವೀಪಗಳನ್ನು ಎರಡು ಕೋಟಿ ಡಾಲರುಗಳಿಗೆ ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಆ ಮಾತುಕತೆಯಲ್ಲಿ ಫಿಲಿಪಿನೋ ಜನರಿಗೆ ಸ್ಥಾನವಿರಲಿಲ್ಲ.

ಮೂಲಪಾಠ ಮತ್ತು ತಿದ್ದಿದ ಪಾಠ

ಡಿಸೆಂಬರ್ 21ರಂದು ಅಧ್ಯಕ್ಷ ಮೆಕಿನ್ಲಿಯು ಯುದ್ಧ ಇಲಾಖೆಗೆ ಒಂದು ಆದೇಶವನ್ನು ಬರೆದನು. ಇಲಾಖೆಯು ಅದನ್ನು ಓಟಿಸ್‌ಗೆ ಕಳುಹಿಸಿತು. ‘ಹಿತಚಿಂತನೆಯ ವಿಲೀನೀಕರಣ’ ಎಂಬ ಅರ್ಥದ ನುಡಿಗಟ್ಟಿನಿಂದ ಇತಿಹಾಸದಲ್ಲಿ ಹೆಸರಾದ ಪತ್ರವಿದು. ಅದರಲ್ಲಿ ಎರಡು ದನಿಗಳಿವೆ. ಅಮೆರಿಕನ್ನರು ಆಕ್ರಮಣಕಾರರಾಗಿ ಅಲ್ಲ, ಮಿತ್ರರಾಗಿ ಬಂದಿದ್ದಾರೆ ಎಂಬುದು ಒಂದು ದನಿ. ದ್ವೀಪಗಳ ಸಾರ್ವಭೌಮತ್ವ ಈಗ ಅಮೆರಿಕದ್ದು, ಮನಿಲಾಕ್ಕೆ ಸೀಮಿತವಾಗಿದ್ದ ಸೈನಿಕ ಆಡಳಿತವನ್ನು ಶೀಘ್ರವಾಗಿ ಇಡೀ ದ್ವೀಪಸಮೂಹಕ್ಕೆ ವಿಸ್ತರಿಸಬೇಕು ಎಂಬುದು ಇನ್ನೊಂದು. ಅಮೆರಿಕದ ಸೆನೆಟ್ ಆಗ ಒಪ್ಪಂದವನ್ನು ಇನ್ನೂ ಅನುಮೋದಿಸಿರಲಿಲ್ಲ ಎಂಬುದನ್ನು ಗಮನಿಸಬೇಕು.

ಮನಿಲಾದಲ್ಲಿದ್ದ ಓಟಿಸ್‌ಗೆ ಈ ಎರಡನೆಯ ದನಿಯ ಅಪಾಯವು ತಿಳಿದಿತ್ತು. ಸಾರ್ವಭೌಮತ್ವ, ಸ್ಪೇನಿನಿಂದ ದೊರೆತ ಹಕ್ಕು, ತಕ್ಷಣದ ಸ್ವಾಧೀನ ಮುಂತಾದ ಮಾತುಗಳನ್ನು ಯುದ್ಧಪರರು ಜನರನ್ನು ಕೆರಳಿಸಲು ಬಳಸಿಕೊಂಡಾರೆಂದು ತಾನು ಭಾವಿಸಿದುದಾಗಿ ಅವನೇ ಮುಂದೆ ತನ್ನ ವರದಿಯಲ್ಲಿ ವಿವರಿಸಿದನು. ಆದುದರಿಂದ 1899ರ ಜನವರಿ 4ರಂದು ಆ ಮಾತುಗಳನ್ನು ಕೈಬಿಟ್ಟ, ಉದಾರವಾದ ಸರಕಾರದ ಭರವಸೆಯನ್ನೂ ಸ್ಥಳೀಯ ಪ್ರಮುಖರಿಗೆ ಹುದ್ದೆಗಳ ಆಶ್ವಾಸನೆಯನ್ನೂ ಸೇರಿಸಿದ ಪಾಠವೊಂದನ್ನು ಪ್ರಕಟಿಸಿದನು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಲೋಪವೂ ಇದೆ, ಪ್ರಕ್ಷೇಪವೂ ಇದೆ, ಎರಡೂ ಉದ್ದೇಶಪೂರ್ವಕವಾದವು.

ಎರಡು ಪ್ರತಿಗಳ ಮುಖಾಮುಖಿ

ಪಾನಾಯ್ ದ್ವೀಪದ ಇಲೋಇಲೋ ಬಂದರಿನಲ್ಲಿದ್ದ ಜನರಲ್ ಮಾರ್ಕಸ್ ಮಿಲ್ಲರನ ಬಳಿ ಮೂಲ ಆದೇಶದ ಪ್ರತಿಯಿತ್ತು. ಅವನು ಅದನ್ನು ಯಾವ ತಿದ್ದುಪಡಿಯೂ ಇಲ್ಲದೆ ಪ್ರಕಟಿಸಿದನು. ಹೀಗೆ ಒಂದೇ ಸರಕಾರದ ಒಂದೇ ಘೋಷಣೆಯ ಎರಡು ಪಾಠಗಳು ಒಂದೇ ದೇಶದಲ್ಲಿ ಏಕಕಾಲಕ್ಕೆ ಪ್ರಚಾರಕ್ಕೆ ಬಂದವು. ಫಿಲಿಪಿನೋ ನಾಯಕರು ಎರಡನ್ನೂ ಎದುರುಬದುರಾಗಿಟ್ಟು ಓದಿದರು. ಬಿಟ್ಟುಹೋದ ಮಾತುಗಳೇ ಆಡಳಿತದ ನಿಜವಾದ ಆಶಯವೆಂದು ಅವರು ಗ್ರಹಿಸಿದರು. ಮರೆಮಾಚಿದ್ದರಿಂದಲೇ ಆ ಮಾತುಗಳಿಗೆ ಹೆಚ್ಚಿನ ತೂಕ ಬಂದಿತು.

ಜನವರಿ 5ರಂದೇ ಅಗಿನಾಲ್ಡೋ ಪ್ರತಿಘೋಷಣೆ ಹೊರಡಿಸಿದನು. ಓಟಿಸ್ ತನ್ನನ್ನು ಫಿಲಿಪೀನ್ಸಿನ ಸೈನಿಕ ರಾಜ್ಯಪಾಲನೆಂದು ಕರೆದುಕೊಂಡುದನ್ನೇ ಅವನು ಮುಖ್ಯವಾಗಿ ಆಕ್ಷೇಪಿಸಿದನು. ತಿದ್ದಿದವನು ಒಡಲನ್ನು ಮೃದುಗೊಳಿಸಿದ್ದನು. ಆದರೆ ಬಿರುದು ಮೊದಲಿನ ದನಿಯಲ್ಲಿಯೇ ಮಾತನಾಡುತ್ತಿತ್ತು. ಇತ್ತ ಓಟಿಸ್ ಅಗಿನಾಲ್ಡೋವಿಗೆ ಬರೆದ ಪತ್ರಗಳಲ್ಲಿ ಅವನನ್ನು ಪಡೆಗಳ ದಂಡನಾಯಕನೆಂದು ಸಂಬೋಧಿಸಿದನೇ ಹೊರತು ಒಂದು ಸರಕಾರದ ಮುಖ್ಯಸ್ಥನೆಂದು ಅಲ್ಲ. ಸಂಬೋಧನೆಯೂ ಸಹಿಯೂ ಕೇವಲ ಶಿಷ್ಟಾಚಾರವಲ್ಲ. ಯಾರು ಆಳುವವರು, ಯಾರು ಆಳಿಸಿಕೊಳ್ಳುವವರು ಎಂಬ ವಾದವು ಅಲ್ಲಿಯೇ ಅಡಗಿರುತ್ತದೆ. ನಮ್ಮ ಹಳೆಯ ದಾಖಲೆಗಳಲ್ಲಿ ಮೇಲಿನಿಂದ ಬರುವುದು ‘ನಿರೂಪ’ವಾಗಿ, ಕೆಳಗಿನಿಂದ ಹೋಗುವುದು ‘ಬಿನ್ನಹ’ವಾಗಿ ಇರುವುದನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ ಇದು ಹೊಸ ಸಂಗತಿಯೇನೂ ಅಲ್ಲ.

ಫೆಬ್ರವರಿ 4ರ ರಾತ್ರಿ ಮನಿಲಾದ ಹೊರವಲಯದಲ್ಲಿ ಗುಂಡು ಹಾರಿ ಯುದ್ಧ ಆರಂಭವಾಯಿತು. ಎರಡು ದಿನಗಳ ಬಳಿಕ ಸೆನೆಟ್ 57–27 ಮತಗಳಿಂದ ಒಪ್ಪಂದವನ್ನು ಅನುಮೋದಿಸಿತು. 1902ರ ಜುಲೈ 4ರಂದು ಯುದ್ಧ ಮುಗಿಯಿತೆಂದು ಅಮೆರಿಕ ಸಾರುವ ಹೊತ್ತಿಗೆ 4,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರೂ, ಒಂದು ಅಂದಾಜಿನಂತೆ 20,000 ಫಿಲಿಪಿನೋ ಯೋಧರೂ, ಅವರಿಗಿಂತ ಎಷ್ಟೋ ಪಾಲು ಹೆಚ್ಚು ನಾಗರಿಕರೂ ಮಡಿದಿದ್ದರು. ಪಾಠಾಂತರವೇ ಈ ಯುದ್ಧಕ್ಕೆ ಕಾರಣವೆಂದು ಹೇಳುವುದು ಸರಿಯಾಗದು. ಸಾರ್ವಭೌಮತ್ವದ ವಿವಾದವೇ ಅದರ ಬೇರು. ಆದರೆ ಉಳಿದಿದ್ದ ಅಲ್ಪ ವಿಶ್ವಾಸವನ್ನು ಕ್ಷೀಣಿಸುವುದರಲ್ಲಿ ಆ ತಿದ್ದುಪಡಿಗೂ ಪಾಲಿದೆ.

ತಂತಿಗಳ ಪಾಠ

ಓಟಿಸ್‌ನ ಕತ್ತರಿ ಘೋಷಣೆಗೇ ನಿಲ್ಲಲಿಲ್ಲ. ಮನಿಲಾದಿಂದ ಹೊರಡುವ ಪತ್ರಿಕಾ ತಂತಿಗಳನ್ನು ಅವನು ಪರಿಶೋಧನೆಗೆ ಒಳಪಡಿಸಿದನು. ಅವನ ಅಧಿಕೃತ ವರದಿಗಳು ಪರಿಸ್ಥಿತಿಯನ್ನು ಅತಿಯಾದ ಆಶಾವಾದದಿಂದ ಚಿತ್ರಿಸುತ್ತಿವೆ ಎಂದು 1899ರ ಜುಲೈಯಲ್ಲಿ ಅಮೆರಿಕದ ವರದಿಗಾರರೇ ಒಟ್ಟಾಗಿ ಪ್ರತಿಭಟಿಸಿದರು. ಆ ಪ್ರತಿಭಟನೆಯನ್ನು ಹಾಂಗ್‌ಕಾಂಗಿಗೆ ಒಯ್ದು ಅಲ್ಲಿಂದ ಕಳುಹಿಸಬೇಕಾಯಿತು. ಕೆಳಗಿನವರಿಗೆ ಮೇಲಿನವರ ಮಾತನ್ನು ತಿದ್ದಿ ತಲುಪಿಸಿದ ಕೈಯೇ ಮೇಲಿನವರಿಗೆ ಕೆಳಗಿನ ಸ್ಥಿತಿಯನ್ನೂ ತಿದ್ದಿ ತಿಳಿಸುತ್ತಿತ್ತು ಎಂಬುದೇ ವರದಿಗಾರರ ಆರೋಪದ ತಿರುಳು.

ಅಧ್ಯಯನಕ್ಕೆ

ಅಧಿಕೃತ ಪತ್ರವನ್ನು ಓದುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಬರೆದವನು ಯಾವ ಬಿರುದಿನಿಂದ ಸಹಿ ಮಾಡಿದ್ದಾನೆ? ಎದುರಿನವನನ್ನು ಏನೆಂದು ಸಂಬೋಧಿಸಿದ್ದಾನೆ? ಬೇರೆ ಪ್ರತಿಗಳಿದ್ದರೆ ಅವುಗಳಲ್ಲಿ ಏನು ಲೋಪ, ಏನು ಸೇರ್ಪಡೆ? ಆ ವ್ಯತ್ಯಾಸದಿಂದ ಯಾರಿಗೆ ಲಾಭ? ಗಡಿಯಾಚೆಯ ನಮಗೆ ಆಡಳಿತದ ಮಾತು ಬಹುಮಟ್ಟಿಗೆ ಇನ್ನೊಂದು ಭಾಷೆಯಿಂದ ಅನುವಾದವಾಗಿಯೇ ಬರುತ್ತದೆ. ಮೂಲವನ್ನೂ ಅನುವಾದವನ್ನೂ ಜೊತೆಗಿಟ್ಟು ಓದುವ ಅಭ್ಯಾಸವು ಪರೀಕ್ಷೆಯ ಆಚೆಗೂ ನಮ್ಮನ್ನು ಕಾಯುವ ವಿದ್ಯೆ. ವಿದ್ಯಾರ್ಥಿಗಳು ಯಾವುದಾದರೊಂದು ಸಾರ್ವಜನಿಕ ಪ್ರಕಟಣೆಯ ಎರಡು ಭಾಷೆಗಳ ಪ್ರತಿಗಳನ್ನು ಆಯ್ದು, ಈ ನಾಲ್ಕು ಪ್ರಶ್ನೆಗಳ ನೆರವಿನಿಂದ ಟಿಪ್ಪಣಿ ಸಿದ್ಧಪಡಿಸಬಹುದು.