ಮಕ್ಕಳಿಗೆ ಎಚ್‌ಪಿವಿ ಬರುವ ದಾರಿಗಳು

ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಎಂದ ಕೂಡಲೇ ಗರ್ಭಕಂಠದ ಕ್ಯಾನ್ಸರ್ ನೆನಪಾಗುತ್ತದೆ. ಅದಕ್ಕೂ ಮಕ್ಕಳಿಗೂ ಏನು ಸಂಬಂಧ ಎಂದು ತಂದೆತಾಯಿ ಕೇಳುವುದು ಸಹಜ. ಈ ವೈರಸ್‌ನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಯಾವ ಬಗೆ ಯಾವ ವಯಸ್ಸಿನಲ್ಲಿ ಯಾವ ದಾರಿ ಹಿಡಿದು ಬರುತ್ತದೆ ಎಂದು ಬಿಡಿಸಿ ನೋಡೋಣ.

ಮೊದಲ ದಾರಿ ಚರ್ಮದ ಸ್ಪರ್ಶದ್ದು. ಮಗುವಿನ ಬೆರಳ ಮೇಲೆ ಏಳುವ ನರಹುಲಿಯನ್ನು ಹತ್ತಿರದಿಂದ ನೋಡಿ. ಮೇಲ್ಮೈ ಹೂಕೋಸಿನಂತೆ ಒರಟು, ನಡುವೆ ಅಲ್ಲಲ್ಲಿ ಕಪ್ಪು ಚುಕ್ಕೆ. ಆ ಚುಕ್ಕೆಗಳು ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು. ಇದನ್ನು ತರುವುದು ಹೆಚ್ಚಾಗಿ 1, 2, 4, 27, 57ನೇ ಬಗೆಗಳು. ನೆದರ್‌ಲ್ಯಾಂಡ್ಸ್‌ನ ಪ್ರಾಥಮಿಕ ಶಾಲೆಗಳಲ್ಲಿ ಪರೀಕ್ಷಿಸಿದಾಗ ಮೂವರಲ್ಲಿ ಒಂದು ಮಗುವಿಗೆ ನರಹುಲಿ ಇತ್ತು. ಜನ ಈಜುಕೊಳವನ್ನು ದೂರುತ್ತಾರೆ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿದಾಗ ಕಂಡದ್ದು ಬೇರೆ: ಸೋಂಕು ಹೆಚ್ಚಾಗಿ ಹರಡುವುದು ಮನೆಯವರಿಂದ ಮತ್ತು ತರಗತಿಯ ಗೆಳೆಯರಿಂದ. ಈ ನರಹುಲಿ ಕ್ಯಾನ್ಸರ್ ಆಗುವುದಿಲ್ಲ, ಬಹುಪಾಲು ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಗುಪ್ತಾಂಗದ ನರಹುಲಿಯ ಮಾತು ಬೇರೆ. ಅದು ಹೆರಿಗೆಯಲ್ಲಿ ಅಥವಾ ಆರೈಕೆ ಮಾಡುವವರ ಕೈಯಿಂದ ಬಂದಿರಬಹುದು, ದೌರ್ಜನ್ಯದ ಗುರುತೂ ಆಗಿರಬಹುದು. ಮುಚ್ಚಿಡದೆ ವೈದ್ಯರಿಗೆ ತೋರಿಸಲೇಬೇಕು.

ಎರಡನೆಯ ದಾರಿ ಹೆರಿಗೆಯದು. ತಾಯಿಯಲ್ಲಿರುವ 6 ಮತ್ತು 11ನೇ ಬಗೆಗಳು ಅಪರೂಪಕ್ಕೆ ಕೂಸಿನ ಧ್ವನಿಪೆಟ್ಟಿಗೆ ಸೇರಿ ಅಲ್ಲಿ ಗಂಟುಗಳನ್ನು ಬೆಳೆಸುತ್ತವೆ. ಅಳು ಗೊಗ್ಗರಾಗುತ್ತದೆ, ಉಸಿರು ಕಟ್ಟುತ್ತದೆ, ಗಂಟು ತೆಗೆದರೂ ಮತ್ತೆ ಬೆಳೆಯುವುದರಿಂದ ಆ ಪುಟ್ಟ ಗಂಟಲಿಗೆ ಪದೇ ಪದೇ ಶಸ್ತ್ರಚಿಕಿತ್ಸೆ. ಗರ್ಭಿಣಿಗೆ ಗುಪ್ತಾಂಗದ ನರಹುಲಿ ಇದ್ದಾಗಲೂ ಹೀಗಾಗುವುದು ಸಾವಿರ ಹೆರಿಗೆಗಳಲ್ಲಿ ಸುಮಾರು 7ರಲ್ಲಿ ಎಂದು ಡೆನ್ಮಾರ್ಕ್‌ನ ಲೆಕ್ಕ ಹೇಳುತ್ತದೆ. ಈ ಭಯಕ್ಕಾಗಿಯೇ ಸಿಸೇರಿಯನ್ ಮಾಡಿಸಬೇಕಿಲ್ಲ.

ನನಗೆ ಅತ್ಯಂತ ಭರವಸೆ ಕೊಡುವ ಅಂಕಿ ಆಸ್ಟ್ರೇಲಿಯದ್ದು. ಅಲ್ಲಿ 2007ರಲ್ಲಿ ಹೆಣ್ಣುಮಕ್ಕಳಿಗೆ ಈ ಬಗೆಗಳನ್ನೂ ತಡೆಯುವ ಲಸಿಕೆ ಶುರುವಾಯಿತು. ಗಂಟಲಿನ ಈ ಕಾಯಿಲೆ 2012ರಲ್ಲಿ ಲಕ್ಷ ಮಕ್ಕಳಿಗೆ 0.16 ಇದ್ದದ್ದು 2016ರ ಹೊತ್ತಿಗೆ 0.02ಕ್ಕೆ ಇಳಿಯಿತು. ಹುಡುಗಿಯರಿಗೆ ಹಾಕಿದ ಲಸಿಕೆ ಅವರಿಗೆ ಮುಂದೆ ಹುಟ್ಟಿದ ಕೂಸುಗಳನ್ನೂ ಕಾಯಿತು!

ಮೂರನೆಯ ದಾರಿ ಲೈಂಗಿಕ ಸಂಪರ್ಕದ್ದು, ಹದಿಹರೆಯದ ನಂತರದ್ದು. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 70ಕ್ಕೆ ಕಾರಣವಾದ 16 ಮತ್ತು 18ನೇ ಬಗೆಗಳು ಮುಖ್ಯವಾಗಿ ಹೀಗೆಯೇ ಬರುತ್ತವೆ. ಲಸಿಕೆ ಬರುವ ಸೋಂಕನ್ನು ತಡೆಯುತ್ತದೆ, ಬಂದದ್ದನ್ನು ಗುಣಪಡಿಸದು. ಅದಕ್ಕೇ ಅದನ್ನು ಸೋಂಕು ತಗಲುವ ಮೊದಲೇ, 9ರಿಂದ 14ರ ವಯಸ್ಸಿನಲ್ಲಿ ಹಾಕಿಸುವುದು. ಸಿಕ್ಕಿಂ 2018ರಲ್ಲೇ ಈ ವಯಸ್ಸಿನ ಹುಡುಗಿಯರಿಗೆ ಲಸಿಕೆ ಹಾಕಿಸಿತು, ಬಹುಪಾಲು ಶಾಲೆಗಳಲ್ಲೇ.